ಹೊಟ್ಟೆ ಕ್ಯಾನ್ಸರ್ ರಿಪೋರ್ಟಿನ ಹರ್-2, ಪಿಡಿ-ಎಲ್1, ಕ್ಲಾಡಿನ್: ಅಪ್ಪನ ಆಯಸ್ಸಿನ ಬಗ್ಗೆ ಇವು ಏನು ಹೇಳುತ್ತವೆ?

ಶಿರಸಿ_ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ ಅಂತ ಎಂಡೋಸ್ಕೋಪಿ ಮಾಡಿಸಿದೆವು. ಬಯಾಪ್ಸಿಯಲ್ಲಿ ಅಡೆನೋಕಾರ್ಸಿನೋಮ, ಅಂದರೆ ಹೊಟ್ಟೆ ಕ್ಯಾನ್ಸರ್ ಅಂತ ಬಂದಿದೆ. ಸಿಟಿ ಸ್ಕ್ಯಾನಿನಲ್ಲಿ ಲಿವರ್‌ಗೂ ಹರಡಿರುವುದು ಕಾಣಿಸಿದೆ. ಆಪರೇಷನ್ ಈಗ ಬೇಡ, ಕೀಮೋ ಶುರು ಮಾಡೋಣ ಎಂದಿದ್ದಾರೆ ಡಾಕ್ಟರ್.

ರಿಪೋರ್ಟಿನಲ್ಲಿ ಇರುವುದು ಇಷ್ಟು. ಹರ್-2 ಐಎಚ್‌ಸಿ 2+, ಈಕ್ವಿವೋಕಲ್. ಪಿಡಿ-ಎಲ್1 ಸಿಪಿಎಸ್ 6. ಎಂಎಂಆರ್ ಪ್ರೋಟೀನುಗಳು ನಾಲ್ಕೂ ಇವೆ. ರಕ್ತದಲ್ಲಿ ಸಿಇಎ ಎಂಬ ಕ್ಯಾನ್ಸರ್ ಗುರುತಿನ ಪ್ರೋಟೀನ್ ಜಾಸ್ತಿ. ಅಲ್ಬುಮಿನ್ 2.9. ಇನ್ನು ಫಿಶ್ ಮತ್ತು ಕ್ಲಾಡಿನ್ 18.2 ಅಂತ ಎರಡು ಟೆಸ್ಟ್ ಬರೆದುಕೊಟ್ಟಿದ್ದಾರೆ.

ನಮ್ಮ ಚಿಕ್ಕಪ್ಪನ ಮಗ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ರಾಶಿ ಲೇಖನ ಕಳಿಸಿದ್ದಾನೆ. ಈ ಪ್ರೋಟೀನ್ ಜಾಸ್ತಿ ಇದ್ದರೆ ಬದುಕುವ ಕಾಲ ಕಡಿಮೆ, ಆ ಪ್ರೋಟೀನ್ ಇದ್ದರೆ ಜಾಸ್ತಿ ಅಂತೆಲ್ಲ ಇದೆ. ಇದರ ಮೇಲೆ ಒಂದು ಲ್ಯಾಬ್‌ನವರು ಫೋನ್ ಮಾಡಿ, ರಕ್ತದಲ್ಲಿ ನೂರಾರು ಪ್ರೋಟೀನ್ ಅಳೆದು ಭವಿಷ್ಯ ಹೇಳುತ್ತೇವೆ ಎನ್ನುತ್ತಿದ್ದಾರೆ. ದುಡ್ಡು ಹೊಂದಿಸಬಹುದು. ಆದರೆ ಮಾಡಿಸಬೇಕಾ? ಇವುಗಳಿಂದ ಅಪ್ಪ ಎಷ್ಟು ದಿನ ಇರುತ್ತಾರೆ ಅಂತ ಗೊತ್ತಾಗುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಸ್ಲೈಡ್_ನೋಡುವವ

ಮೇಡಂ, ನಾನು ಮೈಸೂರಿನಲ್ಲಿ ಪೆಥಾಲಜಿಸ್ಟ್. ದಿನಾ ನೋಡುವುದು ಇಂಥ ಸ್ಲೈಡುಗಳನ್ನೇ. ತಂದೆಯವರ ಚಿಕಿತ್ಸೆ ತೀರ್ಮಾನಿಸುವುದು ನಿಮ್ಮ ಡಾಕ್ಟರ್. ರಿಪೋರ್ಟ್ ಓದುವ ಬಗೆಯನ್ನು ಮಾತ್ರ ನಾನು ಹೇಳುತ್ತೇನೆ.

ಕ್ಯಾನ್ಸರಿನಲ್ಲಿ ಪ್ರೋಟೀನ್ ನೋಡುವುದು ಎರಡು ಬೇರೆ ಬೇರೆ ಪ್ರಶ್ನೆಗಳಿಗಾಗಿ. ಒಂದು, ಈ ರೋಗ ಎಷ್ಟು ಜೋರಾಗಿ ಹೋಗುತ್ತದೆ? ಇನ್ನೊಂದು, ಯಾವ ಔಷಧಿ ಹಿಡಿಯುತ್ತದೆ? ನಿಮ್ಮ ತಮ್ಮ ಕಳಿಸಿದ ಲೇಖನಗಳು ಬಹುತೇಕ ಮೊದಲ ಪ್ರಶ್ನೆಯವು. ಡಾಕ್ಟರ್ ಬರೆದುಕೊಟ್ಟ ಟೆಸ್ಟುಗಳು ಎರಡನೆಯದಕ್ಕೆ. ಇವೆರಡನ್ನು ಕಲಸಿದರೆ ಸುಮ್ನೆ ಹೆದರಿಕೆ.

ಹರ್-2 ತೆಗೆದುಕೊಳ್ಳಿ. ಇದು ಜೀವಕೋಶದ ಹೊರಪೊರೆಯ ಮೇಲೆ ಕೂರುವ ಪ್ರೋಟೀನ್. ಬೆಳೆಯಿರಿ ಎಂಬ ಸಂಕೇತ ಒಳಗೆ ಕಳಿಸುತ್ತದೆ. ಹೊಟ್ಟೆ ಕ್ಯಾನ್ಸರಿನಲ್ಲಿ ಹರ್-2 ಇದ್ದರೆ ರೋಗ ಕೆಟ್ಟದ್ದಾ ಅಂತ ಕೇಳಿದರೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದರೆ ಔಷಧಿ ಹಿಡಿಯುತ್ತದಾ ಅಂದರೆ ಉತ್ತರ ಗಟ್ಟಿಯಾಗಿದೆ. 2010ರಲ್ಲಿ ಬಂದ ಟೋಗಾ ಪ್ರಯೋಗದಲ್ಲಿ 3,800ಕ್ಕೂ ಹೆಚ್ಚು ಜನರ ಗಡ್ಡೆ ಪರೀಕ್ಷಿಸಿದರು. ಸುಮಾರು ಶೇ. 22 ಮಂದಿಗೆ ಹರ್-2 ಪಾಸಿಟಿವ್. ಅಂಥವರಿಗೆ ಕೀಮೋ ಜೊತೆ ಹರ್-2 ತಡೆಯುವ ಟ್ರಾಸ್ಟುಜುಮ್ಯಾಬ್ ಕೊಟ್ಟಾಗ ಬದುಕಿನ ಮೀಡಿಯನ್ 13.8 ತಿಂಗಳು, ಬರೀ ಕೀಮೋದಲ್ಲಿ 11.1. ಪ್ರೋಟೀನ್ ಹೆಚ್ಚು ಇದ್ದವರನ್ನಷ್ಟೇ ನೋಡಿದರೆ 16 ತಿಂಗಳು, ಬರೀ ಕೀಮೋದಲ್ಲಿ 11.8.

ಈಗ ನಿಮ್ಮ 2+. ಐಎಚ್‌ಸಿಯಲ್ಲಿ ನಾವು ಮೇಣದ ಬ್ಲಾಕಿನಿಂದ ತೆಳುವಾದ ಪದರ ಕತ್ತರಿಸಿ, ಆ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಆಂಟಿಬಾಡಿ ಹಾಕುತ್ತೇವೆ. ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಬರುತ್ತದೆ. 0 ಮತ್ತು 1+ ಅಂದರೆ ನೆಗೆಟಿವ್. 3+ ಅಂದರೆ ಪಾಸಿಟಿವ್. 2+ ಮಧ್ಯದಲ್ಲಿ ನಿಂತಿದೆ. ಆಗ ಫಿಶ್ ಮಾಡಿ ಹರ್-2 ಜೀನ್ ಪ್ರತಿಗಳು ಹೆಚ್ಚಿವೆಯಾ ಅಂತ ಎಣಿಸಬೇಕು. ಆದ್ದರಿಂದ ಫಿಶ್ ಖಂಡಿತ ಮಾಡಿಸಿ. ಒಂದು ಇಡೀ ಔಷಧಿ ಸಿಗುತ್ತದೋ ಇಲ್ಲವೋ ಅನ್ನುವುದು ಆ ಟೆಸ್ಟಿನ ಮೇಲೆ ನಿಂತಿದೆ.

ಇನ್ನೊಂದು ವಿಷಯ. ಹೊಟ್ಟೆಯ ಗಡ್ಡೆಯಲ್ಲಿ ಹರ್-2 ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಚೂರಿನಲ್ಲಿ ಜೋರಾಗಿ ಕಂದು, ಪಕ್ಕದ ಚೂರಿನಲ್ಲಿ ಏನೂ ಇಲ್ಲ. ಗದ್ದೆಯ ಒಂದು ಮೂಲೆಯ ಮಣ್ಣು ನೋಡಿ ಇಡೀ ಗದ್ದೆಯ ಲೆಕ್ಕ ಹೇಳಿದ ಹಾಗಾಗುತ್ತದೆ. ಅದಕ್ಕೇ ಎಂಡೋಸ್ಕೋಪಿಯಲ್ಲಿ ಆರರಿಂದ ಎಂಟು ಚೂರಾದರೂ ತೆಗೆಯಿರಿ ಎಂದು ನಾವು ಬೇಡಿಕೊಳ್ಳುತ್ತೇವೆ. ನಿಮ್ಮಲ್ಲಿ ಎಷ್ಟು ಚೂರು ತೆಗೆದಿದ್ದಾರೆ ಅಂತ ಬಯಾಪ್ಸಿ ರಿಪೋರ್ಟಿನಲ್ಲಿ ಬರಿಗಣ್ಣಿಗೆ ಕಂಡದ್ದನ್ನು ಬರೆಯುವ ಗ್ರಾಸ್ ಭಾಗದಲ್ಲಿ ಇರುತ್ತದೆ, ನೋಡಿ.

ಶಿರಸಿ_ಮಗಳು

ತುಂಬಾ ಥ್ಯಾಂಕ್ಸ್ ಸರ್. ಏಳು ಚೂರು ಅಂತ ಇದೆ. ಆದರೆ 13.8 ತಿಂಗಳು ಅಂತ ಓದಿ ಕೈಕಾಲು ತಣ್ಣಗಾಯಿತು. ಅಂದರೆ ಅಪ್ಪನಿಗೆ ಉಳಿದಿರುವುದು ಒಂದು ವರ್ಷ ಅಂತಲಾ?

ಅಂಕಿಅಂಶ_ಮೇಷ್ಟ್ರು

ಇಲ್ಲ ತಾಯಿ, ಹಾಗಲ್ಲ. ನಾನು ಡಾಕ್ಟರ್ ಅಲ್ಲ, ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಮೀಡಿಯನ್ ಅಂದರೆ ಆ ಗುಂಪಿನ ಅರ್ಧ ಜನ ಅದಕ್ಕಿಂತ ಜಾಸ್ತಿ ಕಾಲ ಬದುಕಿದರು ಅಂತ. ಉಳಿದರ್ಧ ಕಡಿಮೆ. ಅದು ಗುಂಪಿನ ಮಧ್ಯದ ಗೆರೆ. ಒಬ್ಬ ಮನುಷ್ಯನಿಗೆ ಕೊಟ್ಟ ಗಡುವು ಅಲ್ಲವೇ ಅಲ್ಲ. ಆ ಗೆರೆಯಾಚೆ ಎಷ್ಟೋ ದೂರ ಹೋದವರು ಇರುತ್ತಾರೆ, ಬೇಗ ಹೋದವರೂ ಇರುತ್ತಾರೆ.

ಇನ್ನೂ ಒಂದು ಮಾತು. ಪೆಥಾಲಜಿ ಸರ್ ಹೇಳಿದ ಎರಡು ಸಂಖ್ಯೆಗಳನ್ನು ಜೊತೆಯಲ್ಲೇ ಓದಿ. 13.8 ಮತ್ತು 11.1. ಪ್ರಯೋಗ ಹೇಳುತ್ತಿರುವುದು ಆ ವ್ಯತ್ಯಾಸವನ್ನು. ಔಷಧಿಯಿಂದ ಗುಂಪಿಗೆ ಏನು ಸಿಕ್ಕಿತು ಅನ್ನುವುದು ಅಲ್ಲಿದೆ. 2010ರ ನಂತರ ಬೇರೆ ಔಷಧಿಗಳೂ ಬಂದಿವೆ, ಆ ಗೆರೆಯೇ ಮುಂದೆ ಸರಿದಿದೆ.

ದಾವಣಗೆರೆ_ಅಣ್ಣ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಭಾವನಿಗೂ ಇದೇ ಕಾಯಿಲೆ. ಪ್ರತಿ ಸಲ ಕೀಮೋ ಆದಮೇಲೆ ಸಿಇಎ ಮಾಡಿಸುತ್ತಿದ್ದೆವು. ಇಳಿದಾಗ ಮನೆಯವರಿಗೆಲ್ಲ ಎಷ್ಟು ಧೈರ್ಯ ಬರುತ್ತಿತ್ತು ಗೊತ್ತಾ? ಮುಂದೇನು ಅಂತ ತಿಳಿದುಕೊಳ್ಳುವುದು ಮನೆಯವರ ಹಕ್ಕು. ಜಮೀನು ಮಾರಬೇಕಾ, ಮಗಳ ಮದುವೆ ಬೇಗ ಮಾಡಬೇಕಾ, ಇದೆಲ್ಲ ಯೋಚಿಸಬೇಕಲ್ವಾ? ನೂರು ಪ್ರೋಟೀನ್ ನೋಡುತ್ತೇವೆ ಅಂದರೆ ನೋಡಲಿ. ಮಾಹಿತಿ ಜಾಸ್ತಿ ಇದ್ದರೆ ತಪ್ಪೇನು?

ಪ್ರೋಟೀನ್_ಹುಡುಗಿ

ಅಣ್ಣ, ಮನೆಯವರ ಹಕ್ಕಿನ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೂ ಸಹಮತ. ಆದರೆ ಲ್ಯಾಬ್‌ನವರ ಆ ನೂರು ಪ್ರೋಟೀನಿನ ಪ್ಯಾನಲ್‌ನಿಂದ ಸಿಗುವುದು ಮಾಹಿತಿಯೇ ಹೌದಾ ಅನ್ನುವುದು ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಪ್ರೋಟಿಯೋಮಿಕ್ಸ್‌ನಲ್ಲಿ, ಅಂದರೆ ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ವಿದ್ಯೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಲೇಖನಗಳು ಹೇಗೆ ಹುಟ್ಟುತ್ತವೆ ಅಂತ ಒಳಗಿನಿಂದ ಕಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಒಂದು ಆಸ್ಪತ್ರೆಯಲ್ಲಿ ಹಳೆಯ ಆಪರೇಷನ್ನಿನ ನೂರು ಚಿಲ್ಲರೆ ಬ್ಲಾಕುಗಳು ಇರುತ್ತವೆ. ಒಂದು ಪ್ರೋಟೀನಿಗೆ ಬಣ್ಣ ಹಾಕುತ್ತಾರೆ. ಜಾಸ್ತಿ ಯಾವುದು, ಕಡಿಮೆ ಯಾವುದು ಅನ್ನುವ ಗಡಿಯನ್ನು ಮೊದಲೇ ಗೊತ್ತು ಮಾಡಿರುವುದಿಲ್ಲ. ಎರಡು ಗುಂಪುಗಳ ಗೆರೆ ಚೆನ್ನಾಗಿ ಬೇರೆಯಾಗುವ ಜಾಗ ಹುಡುಕಿ ಅಲ್ಲಿ ಗಡಿ ಹಾಕುತ್ತಾರೆ. ಹಾಗೆ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ! ಮತ್ತೊಂದು ಆಸ್ಪತ್ರೆಯ ರೋಗಿಗಳಲ್ಲಿ ಅದೇ ಗಡಿ ಇಟ್ಟು ನೋಡಿದಾಗ ವ್ಯತ್ಯಾಸ ಮಾಯ. ಎಷ್ಟೋ ಲೇಖನಗಳಲ್ಲಿ ಆ ಎರಡನೇ ಪರೀಕ್ಷೆಯೇ ಇರುವುದಿಲ್ಲ. ಈ ಕಾಟ ತಪ್ಪಿಸಲೆಂದೇ 2005ರಲ್ಲಿ ರಿಮಾರ್ಕ್ ಎಂಬ ನಿಯಮಗಳನ್ನು ತಂದರು. ಎಷ್ಟು ರೋಗಿಗಳು, ಗಡಿ ಹೇಗೆ ಹಾಕಿದಿರಿ, ಸ್ಟೇಜ್ ಲೆಕ್ಕಕ್ಕೆ ತೆಗೆದುಕೊಂಡಿರಾ, ಎಲ್ಲ ಬಿಡಿಸಿ ಬರೆಯಿರಿ ಅಂತ.

ಸ್ಟೇಜ್ ಅನ್ನುವುದು ಇಲ್ಲಿ ದೊಡ್ಡ ಮಾತು. ಗಡ್ಡೆ ಹೊಟ್ಟೆಯ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಎಷ್ಟು ಲಿಂಫ್ ಗಂಟುಗಳಿಗೆ ಹೋಗಿದೆ, ದೂರದ ಅಂಗಕ್ಕೆ ಹೋಗಿದೆಯಾ, ಇದೇ ಬದುಕಿನ ಬಗ್ಗೆ ಬಹಳಷ್ಟು ಹೇಳಿಬಿಡುತ್ತದೆ. ಹರಡಿದ ರೋಗದಲ್ಲಿ ಒಂದು ಪ್ರೋಟೀನ್ ಜಾಸ್ತಿ ಸಿಕ್ಕರೆ, ಆ ಪ್ರೋಟೀನಿನಿಂದ ಸಾವು ಬೇಗ ಬಂತಾ ಅಥವಾ ರೋಗ ಹರಡಿದ್ದರಿಂದಲೇ ಬಂತಾ? ಸ್ಟೇಜಿನ ಮೇಲೆ ಹೊಸದಾಗಿ ಏನಾದರೂ ಹೇಳಿದರೆ ಮಾತ್ರ ಆ ಪ್ರೋಟೀನಿಗೆ ಬೆಲೆ.

ರೋಗದ ಜೋರು ತೋರಿಸುವ ಪ್ರೋಟೀನನ್ನು ತಡೆದರೆ ರೋಗಿ ಬದುಕುತ್ತಾನೆ ಅಂತಲೂ ಇಲ್ಲ. ಮೆಟ್ ಎಂಬ ಪ್ರೋಟೀನ್ ಹೆಚ್ಚಿದ್ದರೆ ಹೊಟ್ಟೆ ಕ್ಯಾನ್ಸರ್ ಕೆಟ್ಟದಾಗಿ ನಡೆಯುತ್ತದೆ ಅಂತ ಹಲವು ಅಧ್ಯಯನಗಳು ಹೇಳಿದವು. ಸರಿ, ಮೆಟ್ ಪಾಸಿಟಿವ್ ಇರುವವರನ್ನೇ ಆರಿಸಿ, ಆ ಸಂಕೇತ ತಡೆಯುವ ರಿಲೋಟುಮುಮ್ಯಾಬ್ ಕೊಟ್ಟರು. ರಿಲೋಮೆಟ್-1 ಅಂತ ಪ್ರಯೋಗದ ಹೆಸರು. ಔಷಧಿ ಪಡೆದವರಲ್ಲಿ ಸಾವು ಜಾಸ್ತಿಯಾಗಿ 2014ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಔಷಧಿ ಗುಂಪಿನ ಮೀಡಿಯನ್ 8.8 ತಿಂಗಳು, ಕೀಮೋ ಮಾತ್ರ ಪಡೆದವರದು 10.7. ಇಂಥ ಫಲಿತಾಂಶ ಓದುವಾಗ ಈಗಲೂ ಸಂಕಟವಾಗುತ್ತದೆ.

ಹಾಗಂತ ಈ ಕೆಲಸವೇ ದಂಡ ಅಂತ ನಾನು ಹೇಳುವುದಿಲ್ಲ. ಚೀನಾದವರು 2018ರಲ್ಲಿ ಡಿಫ್ಯೂಸ್ ಬಗೆಯ (ಕೋಶಗಳು ಚದುರಿ ಬೆಳೆಯುವಂಥ) 84 ಗಡ್ಡೆಗಳ ಸಾವಿರಾರು ಪ್ರೋಟೀನ್ ಅಳೆದು, ಅವುಗಳನ್ನು ಮೂರು ಗುಂಪು ಮಾಡಿದರು. ಆ ಗುಂಪುಗಳ ಬದುಕಿನ ಗೆರೆಗಳು ಬೇರೆ ಬೇರೆ ಇದ್ದವು. 2019ರಲ್ಲಿ ಕೊರಿಯಾದವರು ಚಿಕ್ಕ ವಯಸ್ಸಿನಲ್ಲೇ ಹೊಟ್ಟೆ ಕ್ಯಾನ್ಸರ್ ಬಂದ 80 ಜನರಲ್ಲಿ ಜೀನ್ ಮತ್ತು ಪ್ರೋಟೀನ್ ಎರಡನ್ನೂ ಒಟ್ಟಿಗೆ ನೋಡಿದರು. ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಹೊಟ್ಟೆ ಕ್ಯಾನ್ಸರ್ ಕೋಶಗಳು ಹೊರಗೆ ಬಿಡುವ ಪ್ರೋಟೀನುಗಳ ಪಟ್ಟಿಯನ್ನು 2013ರಲ್ಲೇ ಪ್ರಕಟಿಸಿದ್ದಾರೆ. ಅದೇ ಸಂಸ್ಥೆ ಜಾನ್ಸ್ ಹಾಪ್‌ಕಿನ್ಸ್ ಜೊತೆ ಸೇರಿ 2014ರಲ್ಲಿ ಮನುಷ್ಯನ 17,294 ಜೀನ್‌ಗಳ ಪ್ರೋಟೀನ್ ನಕ್ಷೆ ತಂದಿತು. ನಮ್ಮಂಥ ವಿದ್ಯಾರ್ಥಿಗಳು ದಿನಾ ಬಳಸುವ ನಕ್ಷೆ ಅದು. ಇವೆಲ್ಲ ನಾಳೆಯ ಟೆಸ್ಟಿಗೆ ಇವತ್ತು ಹಾಕುವ ಅಡಿಪಾಯ. ಇವತ್ತಿನ ರೋಗಿಯ ಮುಂದೆ ಇಟ್ಟು ಭವಿಷ್ಯ ಹೇಳುವ ಹಂತಕ್ಕೆ ಇನ್ನೂ ಬಂದಿಲ್ಲ.

ಅಕ್ಕ, ಆ ಲ್ಯಾಬ್‌ನವರು ಮತ್ತೆ ಫೋನ್ ಮಾಡಿದರೆ ಹೀಗೆ ಕೇಳಿ: ನಿಮ್ಮ ಪ್ಯಾನಲ್ಲಿನ ಉತ್ತರ ಏನೇ ಬಂದರೂ ನಮ್ಮ ಅಪ್ಪನ ಔಷಧಿ ಬದಲಾಗುತ್ತದಾ? ಅದಕ್ಕೆ ಹೌದು ಎನ್ನುವ ಪ್ರಯೋಗ ಯಾವುದು? ಸರಿಯಾದ ಉತ್ತರ ಬರದಿದ್ದರೆ ಆ ದುಡ್ಡನ್ನು ಅಪ್ಪನ ಊಟಕ್ಕೆ, ಓಡಾಟಕ್ಕೆ ಇಟ್ಟುಕೊಳ್ಳಿ.

ಸ್ಲೈಡ್_ನೋಡುವವ

ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಸಿಇಎ ಬಗ್ಗೆ. ದಾವಣಗೆರೆ ಅಣ್ಣನವರೇ, ಶುರುವಿನಲ್ಲೇ ಜಾಸ್ತಿ ಇದ್ದು, ಆಮೇಲೆ ಇಳಿದರೆ ಅದು ಒಳ್ಳೆಯ ಸೂಚನೆಯೇ. ಆದರೆ ಹೊಟ್ಟೆ ಕ್ಯಾನ್ಸರಿನ ಬಹಳ ಜನರಲ್ಲಿ ಸಿಇಎ ಏರುವುದೇ ಇಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಸ್ವಲ್ಪ ಜಾಸ್ತಿ ಇರುತ್ತದೆ. ಸಿಎ 19-9 ಅಂತ ರಕ್ತದಲ್ಲಿ ನೋಡುವ ಇನ್ನೊಂದು ಗುರುತು ಇದೆ, ಅದು ಇನ್ನೂ ತೊಡಕು. ಪಿತ್ತನಾಳ ಕಟ್ಟಿಕೊಂಡರೂ ಏರುತ್ತದೆ. ಕೆಲವರ ರಕ್ತದ ಗುಂಪೇ ಅದನ್ನು ತಯಾರಿಸುವುದಿಲ್ಲ. ಹಾಗಾಗಿ ಒಂದೇ ಅಂಕಿ ಏರಿತು ಅಂತ ರಾತ್ರಿಯೆಲ್ಲ ನಿದ್ದೆಗೆಡಬೇಡಿ. ಸ್ಕ್ಯಾನ್ ಏನು ಹೇಳುತ್ತದೆ, ಮನುಷ್ಯ ಹೇಗಿದ್ದಾನೆ, ಅದರ ಜೊತೆಗಿಟ್ಟು ನೋಡಬೇಕು.

ವಾರ್ಡ್_ಸಿಸ್ಟರ್

ನಾನು ಹುಬ್ಬಳ್ಳಿ ಕಡೆಯವಳು, ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಎಲ್ಲರೂ ಹರ್-2, ಕ್ಲಾಡಿನ್ ಅಂತ ಮಾತಾಡುತ್ತಿದ್ದೀರಿ. ಆ ರಿಪೋರ್ಟಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಲ್ಬುಮಿನ್ 2.9.

ಅಲ್ಬುಮಿನ್ ಕೂಡ ಪ್ರೋಟೀನೇ. ಲಿವರ್ ತಯಾರಿಸುವಂಥದ್ದು. ಸಿಆರ್‌ಪಿ ಅನ್ನುವುದೂ ಅಷ್ಟೇ, ಮೈಯಲ್ಲಿ ಉರಿಯೂತ ಇದ್ದರೆ ಏರುತ್ತದೆ. ಇವೆರಡನ್ನೇ ಸೇರಿಸಿ ಗ್ಲಾಸ್ಗೋ ಸ್ಕೋರ್ ಅಂತ ಮಾಡಿದ್ದಾರೆ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದೆಯಾ, ಅಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದೆಯಾ, ಅಷ್ಟೇ ಲೆಕ್ಕ. ಎರಡೂ ಕೆಟ್ಟಿದ್ದರೆ ಸ್ಕೋರ್ 2. ಹೊಟ್ಟೆ ಕ್ಯಾನ್ಸರ್ ಒಂದರಲ್ಲೇ ಅಲ್ಲ, ಎಷ್ಟೋ ಕ್ಯಾನ್ಸರುಗಳಲ್ಲಿ ಸ್ಕೋರ್ ಏರಿದವರು ಬೇಗ ಸೋಲುತ್ತಾರೆ ಅಂತ ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಆಗುವ ಟೆಸ್ಟ್ ಇದು. ನೂರು ಪ್ರೋಟೀನಿನ ಪ್ಯಾನಲ್ಲಿಗೆ ಓಡುವ ಮೊದಲು ಕೈಯಲ್ಲಿರುವ ಈ ಎರಡು ಅಂಕಿಗಳಿಗೆ ಬೆಲೆ ಕೊಡಿ.

ತಂಗಿ, ಇದನ್ನು ಓದಿ ಅಲ್ಬುಮಿನ್ ಬಾಟಲಿ ಹಾಕಿಸಿ ಅಂತ ಕೇಳಲು ಹೋಗಬೇಡ. ಬಾಟಲಿ ಹಾಕಿದರೆ ಅಂಕಿ ನಾಲ್ಕು ದಿನ ಏರುತ್ತದೆ, ಕಾರಣ ಹಾಗೇ ಇರುತ್ತದೆ. ಅಲ್ಬುಮಿನ್ ಇಳಿಯುವುದು ಊಟದ ಕೊರತೆಯೊಂದರಿಂದಲೇ ಅಲ್ಲ, ರೋಗದ ಉರಿಯೂತವೂ ಅದನ್ನು ಇಳಿಸುತ್ತದೆ. ನೀವು ಮಾಡಬಹುದಾದದ್ದು ಬೇರೆ ಇದೆ. ಡಯಟಿಷಿಯನ್ ಹತ್ತಿರ ಮೊದಲ ಕೀಮೋಗಿಂತ ಮುಂಚೆಯೇ ತೋರಿಸಿ. ಮೂರು ಹೊತ್ತು ತಟ್ಟೆ ತುಂಬ ಬಡಿಸಿ ತಿನ್ನಿ ಅಂತ ಒತ್ತಾಯಿಸಬೇಡಿ. ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಮೊಟ್ಟೆ, ಮೊಸರು, ಹೆಸರುಬೇಳೆ ಕಟ್ಟು, ಕಡಲೆಬೀಜದ ಪುಡಿ ಹಾಕಿದ ಗಂಜಿ. ನುಂಗಿದ್ದು ಇಳಿಯುತ್ತಲೇ ಇಲ್ಲ, ವಾಂತಿ ಆಗುತ್ತಿದೆ ಅಂದರೆ ಅದು ಗಡ್ಡೆ ದಾರಿ ಕಟ್ಟಿರಬಹುದು. ಆಗ ಮನೆಮದ್ದಿಗೆ ಕಾಯದೆ ಡಾಕ್ಟರಿಗೆ ಹೇಳಿ. ಸ್ಟೆಂಟ್ ಹಾಕುತ್ತಾರೆ, ಇಲ್ಲವೇ ಸಣ್ಣಕರುಳಿಗೆ ಟ್ಯೂಬ್ ಇಟ್ಟು ಆಹಾರ ಕೊಡುತ್ತಾರೆ. ಮೈಯಲ್ಲಿ ಕಸುವಿದ್ದರೆ ಕೀಮೋ ಪೂರ್ತಿ ಡೋಸಿನಲ್ಲಿ ನಡೆಯುತ್ತದೆ. ವಾರ್ಡಿನಲ್ಲಿ ದಿನಾ ಕಾಣುವ ಮಾತು ಇದು.

ಸಿಯೋಲ್_ಕನ್ನಡಿಗ

ಸಿಸ್ಟರ್ ಮಾತು ಓದಿ ಸಮಾಧಾನವಾಯಿತು. ನಾನು ಕೆಲಸಕ್ಕೆ ಅಂತ ಕೊರಿಯಾದಲ್ಲಿ ಇದ್ದೇನೆ. ಇಲ್ಲಿ ಈ ಕಾಯಿಲೆ ತುಂಬಾ ಸಾಮಾನ್ಯ. 40 ದಾಟಿದ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ತಪಾಸಣೆ ಮಾಡಿಸುತ್ತದೆ. ಅದಕ್ಕೇ ಬೇಗ ಸಿಗುತ್ತದೆ. ಹೊಟ್ಟೆ ಕ್ಯಾನ್ಸರ್ ಬಂದ ನಾಲ್ವರಲ್ಲಿ ಸುಮಾರು ಮೂವರು ಐದು ವರ್ಷ ದಾಟುತ್ತಾರೆ.

ಶಿರಸಿ ಮೇಡಂ, ಇದು ಅಪ್ಪನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನಿಮಗೂ ಒಡಹುಟ್ಟಿದವರಿಗೂ ಹೆಲಿಕೋಬ್ಯಾಕ್ಟರ್ ಪೈಲೋರಿ (ಹೊಟ್ಟೆ ಕ್ಯಾನ್ಸರಿಗೆ ಕಾರಣವಾಗಬಲ್ಲ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಹೊಟ್ಟೆ ಕ್ಯಾನ್ಸರ್ ಬಂದವರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರ ಮೇಲೆ ಇಲ್ಲಿ ಒಂದು ಪ್ರಯೋಗ ನಡೆಸಿ 2020ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾಗೆ ಔಷಧಿ ಪಡೆದ ಗುಂಪಿನಲ್ಲಿ ಸುಮಾರು ಒಂಬತ್ತು ವರ್ಷದಲ್ಲಿ ಶೇ. 1.2 ಮಂದಿಗೆ ಕ್ಯಾನ್ಸರ್ ಬಂತು. ಪಡೆಯದವರಲ್ಲಿ ಶೇ. 2.7.

ಕರಾವಳಿ_ಕುಸುಮ

ಎಂಎಂಆರ್ ನಾಲ್ಕೂ ಇವೆ ಅನ್ನುವುದು ಒಳ್ಳೆಯದಾ ಕೆಟ್ಟದ್ದಾ? ನಮ್ಮ ಅತ್ತೆಯ ರಿಪೋರ್ಟಿನಲ್ಲಿ ಎರಡು ಇಲ್ಲ ಅಂತ ಬಂದಿದೆ. ಅವರಿಗೆ ರೋಗ ಹರಡಿಲ್ಲ, ಆಪರೇಷನ್ ಮಾಡುತ್ತಾರಂತೆ.

ಸ್ಲೈಡ್_ನೋಡುವವ

ಮೇಡಂ, ಎಂಎಂಆರ್ ಅಂದರೆ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಅಂತ ನಾಲ್ಕು ಪ್ರೋಟೀನ್. ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ತಿದ್ದುವ ಕೆಲಸ ಇವುಗಳದು. ಇವು ಗಡ್ಡೆಯಲ್ಲಿ ಇಲ್ಲದಿದ್ದರೆ ತಪ್ಪುಗಳು ರಾಶಿ ಬೀಳುತ್ತವೆ. ವಿಚಿತ್ರ ಅನ್ನಿಸಬಹುದು, ಆಪರೇಷನ್ ಆಗುವ ಹಂತದಲ್ಲಿ ಇಂಥ ಗಡ್ಡೆಯವರ ಬದುಕು ಉಳಿದವರಿಗಿಂತ ಚೆನ್ನಾಗಿರುತ್ತದೆ. ಬ್ರಿಟನ್ನಿನ ಮ್ಯಾಜಿಕ್ ಪ್ರಯೋಗದ ಹಳೆಯ ಬ್ಲಾಕುಗಳನ್ನು ಮತ್ತೆ ನೋಡಿ 2017ರಲ್ಲಿ ಒಂದು ವಿಶ್ಲೇಷಣೆ ಬಂತು. ಈ ಬಗೆಯವರಲ್ಲಿ ಬರೀ ಆಪರೇಷನ್ ಆದವರು ಚೆನ್ನಾಗಿದ್ದರು, ಕೀಮೋ ಸೇರಿಸಿದವರು ಹಿಂದೆ ಬಿದ್ದರು. ಜನ ಕಡಿಮೆ ಇದ್ದ ವಿಶ್ಲೇಷಣೆ ಅದು. ಆದರೂ ಆಪರೇಷನ್ನಿಗೆ ಮುಂಚೆ ಕೀಮೋ ಬೇಕಾ, ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಮ್ಯುನೋಥೆರಪಿ ಉತ್ತಮವಾ ಅನ್ನುವ ಪ್ರಶ್ನೆಯನ್ನು ಅತ್ತೆಯವರ ಡಾಕ್ಟರ ಮುಂದೆ ಈಗಲೇ ಇಡಿ, ಆಪರೇಷನ್ ಮುಗಿದ ಮೇಲಲ್ಲ. ಕೆಲವೊಮ್ಮೆ ಇದು ಮನೆತನದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಇರಬಹುದು, ಅದನ್ನೂ ಕೇಳಿ.

ಶಿರಸಿ_ಮಗಳು

ಫಿಶ್ ರಿಪೋರ್ಟ್ ಬಂತು. ಆಂಪ್ಲಿಫೈಡ್, ಅಂದರೆ ಜೀನ್ ಪ್ರತಿಗಳು ಹೆಚ್ಚಿವೆ ಅಂತ ಇದೆ. ಹರ್-2 ಪಾಸಿಟಿವ್ ಎಂದರು ಡಾಕ್ಟರ್. ಟ್ರಾಸ್ಟುಜುಮ್ಯಾಬ್ ಸೇರಿಸುತ್ತಾರಂತೆ. ಕ್ಲಾಡಿನ್ ಟೆಸ್ಟ್ ಈಗ ಬೇಡ ಎಂದರು. ಯಾಕೆ ಬೇಡ? ಮತ್ತೆ ಇಲ್ಲಿನ ಕಂಪನಿಯ ಟ್ರಾಸ್ಟುಜುಮ್ಯಾಬ್ ಬಳಸಬಹುದಾ? ಬೆಲೆಯಲ್ಲಿ ಬಹಳ ವ್ಯತ್ಯಾಸ ಇದೆ. ಡಯಟಿಷಿಯನ್ ಹತ್ತಿರ ಹೋಗಿ ಬಂದೆವು ಸಿಸ್ಟರ್. ಲ್ಯಾಬ್‌ನವರಿಗೆ ಬೇಡ ಅಂದೆ.

ಸ್ಲೈಡ್_ನೋಡುವವ

ಒಳ್ಳೆಯ ಸುದ್ದಿ ಮೇಡಂ. ಕ್ಲಾಡಿನ್ ಬೇಡ ಅಂದದ್ದು ಸರಿಯಾಗಿಯೇ ಇದೆ. ಕ್ಲಾಡಿನ್ 18.2 ಹೊಟ್ಟೆಯ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್. ಕ್ಯಾನ್ಸರಿನಲ್ಲಿ ಆ ಜೋಡಣೆ ಕೆಟ್ಟು ಅದು ಹೊರಗೆ ತೆರೆದುಕೊಳ್ಳುತ್ತದೆ. ಶೇ. 75ರಷ್ಟು ಕೋಶಗಳಲ್ಲಾದರೂ ಚೆನ್ನಾಗಿ ಬಣ್ಣ ಬಂದರೆ ಜೋಲ್ಬೆಟುಕ್ಸಿಮ್ಯಾಬ್ ಎಂಬ ಔಷಧಿ ಕೊಡಬಹುದು. ಸ್ಪಾಟ್‌ಲೈಟ್ ಪ್ರಯೋಗದಲ್ಲಿ ಅದರಿಂದ ಮೀಡಿಯನ್ 15.5 ತಿಂಗಳಿಂದ 18.2ಕ್ಕೆ ಹೋಯಿತು. ಆದರೆ ಆ ಪ್ರಯೋಗಕ್ಕೆ ತೆಗೆದುಕೊಂಡದ್ದು ಹರ್-2 ನೆಗೆಟಿವ್ ಇದ್ದವರನ್ನು. ನಿಮ್ಮ ತಂದೆಯವರ ಮೊದಲ ಚಿಕಿತ್ಸೆಗೆ ಆ ಉತ್ತರ ಬೇಕಿಲ್ಲ. ಬ್ಲಾಕಿನಲ್ಲಿರುವ ಚೂರೂ ಉಳಿಯಿತು.

ಸಿಪಿಎಸ್ 6 ಈಗ ಉಪಯೋಗಕ್ಕೆ ಬರುತ್ತದೆ. ರೋಗನಿರೋಧಕ ಕೋಶಗಳನ್ನು ತಡೆಯುವ ಪಿಡಿ-ಎಲ್1 ಪ್ರೋಟೀನ್ ಎಷ್ಟಿದೆ ಎಂದು ಹೇಳುವ ಅಂಕ ಅದು. ಕೀನೋಟ್-811 ಪ್ರಯೋಗದಲ್ಲಿ ಟ್ರಾಸ್ಟುಜುಮ್ಯಾಬ್ ಮತ್ತು ಕೀಮೋಗೆ ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಸೇರಿಸಿದಾಗ ಮೀಡಿಯನ್ 16.8ರಿಂದ 20 ತಿಂಗಳಿಗೆ ಏರಿತು. ಲಾಭ ಕಂಡದ್ದು ಸಿಪಿಎಸ್ 1 ಅಥವಾ ಹೆಚ್ಚು ಇದ್ದವರಲ್ಲಿ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಅಂಥವರಿಗೇ ಸೀಮಿತ ಮಾಡಿತು. ಇದು ಬಹಳ ದುಬಾರಿ ಔಷಧಿ. ಕೈಗೆಟಕುತ್ತದಾ, ಯೋಜನೆಗಳಲ್ಲಿ ಏನಾದರೂ ನೆರವು ಸಿಗುತ್ತದಾ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಮಾತಾಡಿ. ಎಟುಕದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹರ್-2 ಔಷಧಿಯೇ ಇಲ್ಲಿ ಮುಖ್ಯ ಆಧಾರ.

ಇಲ್ಲಿನ ಟ್ರಾಸ್ಟುಜುಮ್ಯಾಬ್ ಬಗ್ಗೆ ಕೇಳಿದಿರಿ. ಮೂಲ ಔಷಧಿಯನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ್ದನ್ನು ಬಯೋಸಿಮಿಲರ್ ಅನ್ನುತ್ತೇವೆ. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನದನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಮೈಲಾನ್ ಜೊತೆ ಸೇರಿ ತಯಾರಿಸಿದ್ದಕ್ಕೆ 2017ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಹರಡಿದ ಹೊಟ್ಟೆ ಕ್ಯಾನ್ಸರಿಗೂ ಸೇರಿಸಿ. ಡಾಕ್ಟರ್ ಬರೆದರೆ ಧೈರ್ಯವಾಗಿ ಹಾಕಿಸಿ. ಶುರು ಮಾಡುವ ಮೊದಲು ಎಕೋ ಮಾಡಿ ಹೃದಯ ನೋಡುತ್ತಾರೆ. ಅದನ್ನು ತಪ್ಪಿಸಬೇಡಿ.

ದಾವಣಗೆರೆ_ಅಣ್ಣ

ಸರ್, ನಮ್ಮ ಭಾವನಿಗೂ ಟ್ರಾಸ್ಟುಜುಮ್ಯಾಬ್ ನಡೆದಿತ್ತು. ಈಗ ಮತ್ತೆ ಬೆಳೆದಿದೆ ಅಂತ ಎರಡನೇ ಚಿಕಿತ್ಸೆಗೆ ಬಂದಿದ್ದೇವೆ. ಮತ್ತೊಮ್ಮೆ ಎಂಡೋಸ್ಕೋಪಿ ಅಂತಿದ್ದಾರೆ. ಹರ್-2 ಪಾಸಿಟಿವ್ ಅಂತ ಮೊದಲೇ ಗೊತ್ತಿದೆಯಲ್ಲ? ಸುಮ್ನೆ ಮತ್ತೆ ಯಾಕೆ ಚುಚ್ಚಿಸಿಕೊಳ್ಳಬೇಕು?

ಸ್ಲೈಡ್_ನೋಡುವವ

ಅಣ್ಣನವರೇ, ದಯವಿಟ್ಟು ಮಾಡಿಸಿ. ಟ್ರಾಸ್ಟುಜುಮ್ಯಾಬ್ ನಡೆದ ಮೇಲೆ ಹಲವರ ಗಡ್ಡೆಯಲ್ಲಿ ಹರ್-2 ಇಲ್ಲದಂತಾಗುತ್ತದೆ. ಇದ್ದ ಕೋಶಗಳು ಸತ್ತು, ಇಲ್ಲದವು ಉಳಿದು ಬೆಳೆಯುತ್ತವೆ. 2025ರಲ್ಲಿ ಪ್ರಕಟವಾದ ಡೆಸ್ಟಿನಿ-ಗ್ಯಾಸ್ಟ್ರಿಕ್04 ಪ್ರಯೋಗದಲ್ಲಿ ಮತ್ತೆ ಬಯಾಪ್ಸಿ ಮಾಡಿ, ಹರ್-2 ಇನ್ನೂ ಇದೆ ಅಂತ ಖಚಿತವಾದವರನ್ನು ಮಾತ್ರ ಸೇರಿಸಿದರು. ಅಂಥವರಿಗೆ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ (ಟ್ರಾಸ್ಟುಜುಮ್ಯಾಬ್‌ಗೆ ಕೀಮೋ ಔಷಧಿ ಅಂಟಿಸಿದ್ದು) ಕೊಟ್ಟಾಗ ಮೀಡಿಯನ್ 14.7 ತಿಂಗಳು, ಹಳೆಯ ಚಿಕಿತ್ಸೆಯಲ್ಲಿ 11.4. ಭಾವನವರ ಗಡ್ಡೆಯಲ್ಲಿ ಹರ್-2 ಈಗ ಇದೆಯಾ ಅನ್ನುವುದು ಹಳೆಯ ಬ್ಲಾಕಿನಿಂದ ತಿಳಿಯುವುದಿಲ್ಲ.

ದಾವಣಗೆರೆ_ಅಣ್ಣ

ಸರಿ ಸರ್. ಸೋಮವಾರಕ್ಕೆ ಎಂಡೋಸ್ಕೋಪಿ ಬರೆಸಿದ್ದೇವೆ. ಆರು ಚೂರಾದರೂ ತೆಗೆಯಿರಿ ಅಂತ ನಾನೇ ಹೇಳುತ್ತೇನೆ.